ಪೋಸ್ಟರ್ ಬಿಟ್ಟು ಸೀಟು ಎಣಿಸಿ: ಕನ್ನಡ ಸಿನಿಮಾ ಕಲೆಕ್ಷನ್ ನಾನು ಅಂದಾಜು ಮಾಡುವ ಬಗೆ

ಕನ್ನಡ ಸಿನಿಮಾವೊಂದು ಮೊದಲ ದಿನ ಎಷ್ಟು ಗಳಿಸಿತು ಎಂಬ ಅಧಿಕೃತ ಲೆಕ್ಕ ಸಾರ್ವಜನಿಕರ ಕೈಗೆ ಸಿಗುವುದಿಲ್ಲ. ಚಿತ್ರಮಂದಿರಗಳು ದಿನದ ಕೊನೆಗೆ ಡಿಸಿಆರ್, ಅಂದರೆ ಆ ದಿನದ ಗಳಿಕೆಯ ವರದಿ, ಬರೆದು ಹಂಚಿಕೆದಾರರಿಗೆ ಕಳಿಸುತ್ತವೆ. ಆ ಹಾಳೆ ಚಿತ್ರೋದ್ಯಮದ ಬೀಡಾದ ಬೆಂಗಳೂರಿನ ಗಾಂಧಿನಗರ ದಾಟುವುದು ಅಪರೂಪ. ದಾಟಿ ಬರುವುದು ಪೋಸ್ಟರ್ ಮಾತ್ರ. ಅದರ ಮೇಲಿನ ಕೋಟಿಗಳಲ್ಲಿ ಗ್ರಾಸ್ (ತೆರಿಗೆ ಸೇರಿದ ಟಿಕೆಟ್ ಮಾರಾಟ) ಎಷ್ಟು, ಓಟಿಟಿ ಮತ್ತು ಆಡಿಯೋ ಹಕ್ಕಿನ ದುಡ್ಡು ಎಷ್ಟು ಎಂದು ಬಿಡಿಸುವುದು ಕಷ್ಟ. ಅದಕ್ಕೇ ನಾನು ಟಿಕೆಟ್ ಆ್ಯಪ್ ಬುಕ್‌ಮೈಶೋದ ಸೀಟು ನಕ್ಷೆಯಿಂದ ಲೆಕ್ಕ ಶುರು ಮಾಡುತ್ತೇನೆ.

ಗುರುವಾರ ರಾತ್ರಿ ಒಂದು ಎಕ್ಸೆಲ್ ಹಾಳೆ ತೆರೆದು ಊರು, ಚಿತ್ರಮಂದಿರ, ಶೋ ಸಮಯ, ಒಟ್ಟು ಸೀಟು, ದರ ಎಂದು ಕಾಲಂ ಹಾಕುತ್ತೇನೆ. ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ, ಶಿವಮೊಗ್ಗ, ದಾವಣಗೆರೆ ಕಡ್ಡಾಯ. ಬೆಂಗಳೂರಿನ ಶೋಗಳು ಒಂದೇ ಸಲ ತೆರೆದುಕೊಳ್ಳುವುದಿಲ್ಲ, ಕಂತು ಕಂತಾಗಿ ಬರುತ್ತವೆ. ಬುಧವಾರದ ಪಟ್ಟಿ ನೋಡಿ ‘ಇಷ್ಟೇ ಶೋನಾ’ ಎಂದು ತೀರ್ಮಾನಿಸಿದರೆ ಲೆಕ್ಕ ಬುಡದಲ್ಲೇ ತಪ್ಪುತ್ತದೆ.

ಸೀಟು ನಕ್ಷೆಯಲ್ಲಿ ಬೂದು ಬಣ್ಣಕ್ಕೆ ತಿರುಗಿದ್ದೆಲ್ಲ ಮಾರಾಟವಾದ ಸೀಟಲ್ಲ. ಅದರಲ್ಲಿ ಮೂರು ಬಗೆ ಬೆರೆತಿರುತ್ತವೆ: ನಿಜವಾಗಿ ಮಾರಾಟವಾದದ್ದು, ಚಿತ್ರಮಂದಿರದವರು ಕೌಂಟರಿಗೋ ಅತಿಥಿಗಳಿಗೋ ತಡೆಹಿಡಿದದ್ದು, ಯಾರೋ ಆರಿಸಿಕೊಂಡು ಇನ್ನೂ ದುಡ್ಡು ಕಟ್ಟದೆ ಲಾಕ್ ಆಗಿರುವುದು. ಮೂರನೆಯದನ್ನು ಬೇರ್ಪಡಿಸುವುದು ಸುಲಭ. ಹತ್ತು-ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿದರೆ ಅವು ಖಾಲಿಯಾಗಿ ವಾಪಸ್ ಬಂದಿರುತ್ತವೆ, ಇಲ್ಲವೇ ಮಾರಾಟವಾಗಿರುತ್ತವೆ. ತಡೆಹಿಡಿದವನ್ನು ಹಿಡಿಯಲು ಬುಕಿಂಗ್ ತೆರೆದ ತಕ್ಷಣ ನಕ್ಷೆಯ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಬೇಕು. ಬೆಳಗ್ಗೆ, ಮ್ಯಾಟಿನಿ, ಸೆಕೆಂಡ್ ಶೋ ಎಲ್ಲದರಲ್ಲೂ ಅವೇ ಸೀಟುಗಳು ಬೂದು ಇದ್ದರೆ ಅವು ಬ್ಲಾಕ್ ಆದವು, ಕಳೆದುಬಿಡಿ. ಕೊನೆಯ ಎಣಿಕೆ ಶೋ ಶುರುವಾಗುವ ಹೊತ್ತಿಗೆ, ಬುಕಿಂಗ್ ಮುಚ್ಚುವ ಮೊದಲು. ಬೆಳಗ್ಗೆ ಒಮ್ಮೆ ಎಣಿಸಿ ಸಂಜೆಯ ಶೋಗೆ ಅದನ್ನೇ ಗುಣಿಸುವವರಿದ್ದಾರೆ. ಅಭಿಮಾನಿಗಳೇ ತುಂಬಿದ ಬೆಳಗಿನ ಶೋ ಸಂಜೆಯ ಬಗ್ಗೆ ಏನನ್ನೂ ಹೇಳುವುದಿಲ್ಲ.

ಒಂದು ಶೋದ ಲೆಕ್ಕ ಹೀಗೆ. 300 ಸೀಟಿನ ಸ್ಕ್ರೀನ್, ಶೇ 18 ತೆರಿಗೆ ಸೇರಿ ಟಿಕೆಟ್ 236 ರೂಪಾಯಿ, 180 ಸೀಟು ಬೂದು, ಅದರಲ್ಲಿ 12 ಬ್ಲಾಕ್. ಮಾರಾಟವಾದದ್ದು 168. ಗ್ರಾಸ್ 39,648 ರೂಪಾಯಿ. ಇದರಿಂದ ನೆಟ್, ಅಂದರೆ ತೆರಿಗೆ ಬಿಟ್ಟ ಗಳಿಕೆ, ತೆಗೆಯುವಾಗ ಶೇ 18 ಕಳೆಯಬಾರದು, 1.18ರಿಂದ ಭಾಗಿಸಬೇಕು. ಆಗ ಟಿಕೆಟಿಗೆ 200 ರೂಪಾಯಿಯಂತೆ 33,600 ಬರುತ್ತದೆ. ಕಳೆದರೆ ಪ್ರತಿ ಟಿಕೆಟಿಗೆ ಸುಮಾರು ಆರೂವರೆ ರೂಪಾಯಿ ಖೋತಾ, ಲಕ್ಷ ಟಿಕೆಟಿಗೆ ಆರೂವರೆ ಲಕ್ಷ. ಆ್ಯಪ್‌ನವರ ಸೇವಾ ಶುಲ್ಕ, 3ಡಿ ಕನ್ನಡಕದ ದುಡ್ಡು ಎರಡೂ ಸಿನಿಮಾದ ಗಳಿಕೆಯಲ್ಲ.

ಟಿಕೆಟ್ ಮೇಲಿನ ಜಿಎಸ್‌ಟಿ ದರ ಕಾಲಕ್ಕೆ ತಕ್ಕಂತೆ ಬದಲಾಗಿದೆ. 2025ರ ಸೆಪ್ಟೆಂಬರ್ 22ರಿಂದ 100 ರೂಪಾಯಿವರೆಗಿನ ಟಿಕೆಟಿಗೆ ಶೇ 5, ಅದಕ್ಕೂ ಮೊದಲು ಶೇ 12. ನೂರು ದಾಟಿದರೆ ಶೇ 18. ಇನ್ನೂ ಹಿಂದೆ ಹೋದರೆ, 2018ರ ಕೊನೆಯವರೆಗೆ ನೂರು ದಾಟಿದ ಟಿಕೆಟಿಗೆ ಶೇ 28 ಇತ್ತು. ‘ಕೆಜಿಎಫ್’ ಮೊದಲ ಭಾಗ ತೆರೆಕಂಡದ್ದು 2018ರ ಡಿಸೆಂಬರ್ 21. ಅದರ ಮೊದಲ 11 ದಿನಕ್ಕೆ ಒಂದು ದರ, ಜನವರಿ 1ರಿಂದ ಇನ್ನೊಂದು. ಹಳೆಯ ಚಿತ್ರಗಳ ನೆಟ್ ಅನ್ನು ಇವತ್ತಿನ ದರದಲ್ಲಿ ತೆಗೆದು ಹೋಲಿಸುವ ಪಟ್ಟಿಗಳನ್ನು ನಾನು ಓದಲು ಹೋಗುವುದಿಲ್ಲ.

ತಲೆಬಿಸಿಯಾಗುವುದು ಸಿಂಗಲ್ ಸ್ಕ್ರೀನ್‌ಗಳಲ್ಲಿ. ಆ್ಯಪ್‌ನಲ್ಲಿ ಬಾಲ್ಕನಿ ಅರ್ಧ ತುಂಬಿರುತ್ತದೆ, ಕೆಳಗಿನ ಕ್ಲಾಸ್ ಪೂರ್ತಿ ಕೌಂಟರಿನಲ್ಲಿ ಹೋಗಿರುತ್ತದೆ. ತಾಲ್ಲೂಕು ಕೇಂದ್ರಗಳ ಎಷ್ಟೋ ಚಿತ್ರಮಂದಿರಗಳು ಆ್ಯಪ್‌ನಲ್ಲೇ ಇಲ್ಲ. ಇವನ್ನು ನಾನು ಬೇರೆ ಹಾಳೆಯಲ್ಲಿ ಇಡುತ್ತೇನೆ. ಪರಿಚಯದ ಬುಕಿಂಗ್ ಕ್ಲರ್ಕ್ ಒಬ್ಬರು ಹೇಳುವ ನಿಜ ಲೆಕ್ಕವನ್ನು ಅದೇ ಚಿತ್ರಮಂದಿರದ ಆನ್‌ಲೈನ್ ಲೆಕ್ಕದ ಪಕ್ಕ ಇಟ್ಟು, ಆ ಅನುಪಾತವನ್ನು ಅಕ್ಕಪಕ್ಕದ ಊರಿಗೆ ಹಚ್ಚುತ್ತೇನೆ. ಸ್ಟಾರ್ ಸಿನಿಮಾದ ಅನುಪಾತವನ್ನು ಹೊಸಬರ ಸಿನಿಮಾಕ್ಕೆ ಹಚ್ಚಲಾಗದು. ಆದ್ದರಿಂದ ಕೊನೆಗೆ ನಾನು ಒಂದೇ ಸಂಖ್ಯೆ ಹೇಳುವುದಿಲ್ಲ, ‘ಇಷ್ಟರಿಂದ ಇಷ್ಟು’ ಎನ್ನುತ್ತೇನೆ. ಪೈಸೆ ಸಮೇತ ಕೋಟಿ ಹೇಳುವವರನ್ನು ಕಂಡರೆ ನನಗೆ ಅನುಮಾನವೇ ಹೆಚ್ಚು.

‘24 ಗಂಟೆಯಲ್ಲಿ ಇಷ್ಟು ಸಾವಿರ ಟಿಕೆಟ್’ ಎಂದು ಆ್ಯಪ್ ತೋರಿಸುವ ಸಂಖ್ಯೆಯಲ್ಲಿ ನಾಳೆ, ನಾಡಿದ್ದಿನ ಟಿಕೆಟ್‌ಗಳೂ ಇರುತ್ತವೆ. ಅದನ್ನು ದರದಿಂದ ಗುಣಿಸಿದರೆ ಇವತ್ತಿನ ಗಳಿಕೆ ಬರುವುದಿಲ್ಲ. ಏರುತ್ತಿದೆಯೋ ಇಳಿಯುತ್ತಿದೆಯೋ ನೋಡಲು ಮಾತ್ರ ಸಾಕು. ಒಂದೇ ಶೋ ಎರಡು ಆ್ಯಪ್‌ನಲ್ಲಿ ಕಂಡರೆ ಎರಡು ಸಲ ಹಿಡಿಯಬೇಡಿ. ಪೇಯ್ಡ್ ಪ್ರೀಮಿಯರ್, ಅಂದರೆ ಬಿಡುಗಡೆಗೆ ಮುಂಚೆ ಟಿಕೆಟ್ ಇಟ್ಟು ನಡೆಸುವ ಶೋಗಳ ದುಡ್ಡನ್ನು ಮೊದಲ ದಿನಕ್ಕೆ ಸೇರಿಸಿ ಹೇಳುವ ರೂಢಿ ಇದೆ. ನನ್ನ ಹಾಳೆಯಲ್ಲಿ ಅದಕ್ಕೆ ಬೇರೆ ಸಾಲು.

ಮುಂದಿನ ದಿನಗಳನ್ನು ಊಹಿಸಲು ಪಂಚಾಂಗ ಬೇಕು. ‘ಸು ಫ್ರಮ್ ಸೋ’ ತೆರೆಕಂಡದ್ದು 2025ರ ಜುಲೈ 25, ಭೀಮನ ಅಮಾವಾಸ್ಯೆಯ ಮರುದಿನ, ಆಷಾಢ ಮುಗಿದು ಶ್ರಾವಣ ಹಿಡಿದ ಶುಕ್ರವಾರ. ದೊಡ್ಡ ಸ್ಟಾರ್ ಇಲ್ಲದ ಚಿತ್ರ, ಶುಕ್ರವಾರಕ್ಕಿಂತ ಶನಿವಾರ, ಶನಿವಾರಕ್ಕಿಂತ ಭಾನುವಾರ ಏರುತ್ತಾ ಹೋಯಿತು. ಮೌತ್ ಟಾಕ್ ಹಿಡಿದ ಸಿನಿಮಾದ ನಡೆ ಅದು. ಸ್ಟಾರ್ ಸಿನಿಮಾಕ್ಕೆ ಮೊದಲ ದಿನವೇ ಶಿಖರ.

ನಿಜವಾದ ಪರೀಕ್ಷೆ ಸೋಮವಾರ. ಸೋಮವಾರದ ನೆಟ್ ಅನ್ನು ಶುಕ್ರವಾರದ್ದರ ಜೊತೆ ಇಟ್ಟು ನೋಡುತ್ತೇನೆ: ಸರಿಸಮ ಇದ್ದರೆ ಓಡುತ್ತದೆ, ಅರ್ಧವಿದ್ದರೆ ಎರಡನೇ ವಾರ ಶೋ ಉಳಿಸಿಕೊಳ್ಳಲು ಒದ್ದಾಡುತ್ತದೆ, ಮೂರನೇ ಒಂದು ಭಾಗಕ್ಕಿಂತ ಕೆಳಗಿದ್ದರೆ ಮುಗಿಯಿತು. ಆದರೆ ಆ ಸೋಮವಾರ ರಜೆಯಾಗಿರಬಾರದು. ‘ಕಾಂತಾರ’ 2022ರ ಸೆಪ್ಟೆಂಬರ್ 30ರ ಶುಕ್ರವಾರ ಬಂತು. ಮೊದಲ ಸೋಮವಾರ ದಸರಾ ರಜೆಯ ನಡುವೆ ಬಿತ್ತು. ಅಂಥ ಕಡೆ ಪರೀಕ್ಷೆಯನ್ನು ಮುಂದಿನ ಸೋಮವಾರಕ್ಕೆ, ಅಕ್ಟೋಬರ್ 10ಕ್ಕೆ ಹಾಕಬೇಕು. ‘ಕೆಜಿಎಫ್ 2’ 2022ರ ಏಪ್ರಿಲ್ 14ರ ಗುರುವಾರ ಬಂದದ್ದು. ಅದರ ನಾಲ್ಕು ದಿನದ ವಾರಾಂತ್ಯವನ್ನು ಮೂರು ದಿನದ ವಾರಾಂತ್ಯದ ಜೊತೆ ತೂಗುವುದು ಸರಿಯಲ್ಲ.

ಹಿಟ್ಟೋ ಅಲ್ಲವೋ ಹೇಳಲು ನೆಟ್ ಕೂಡ ಸಾಲದು, ಶೇರ್ ಬೇಕು, ಅಂದರೆ ಚಿತ್ರಮಂದಿರದ ಪಾಲು ಹೋಗಿ ನಿರ್ಮಾಪಕರ ಕಡೆಗೆ ಬರುವ ದುಡ್ಡು. ಮಲ್ಟಿಪ್ಲೆಕ್ಸ್‌ನಲ್ಲಿ ಮೊದಲ ವಾರ ಸಾಮಾನ್ಯವಾಗಿ ಅರ್ಧಕ್ಕರ್ಧ, ಆಮೇಲೆ ನಿರ್ಮಾಪಕರ ಪಾಲು ವಾರವಾರಕ್ಕೂ ಇಳಿಯುತ್ತದೆ. ಬಾಡಿಗೆ ಪದ್ಧತಿಯ ಸಿಂಗಲ್ ಸ್ಕ್ರೀನ್‌ನಲ್ಲಿ ವಾರದ ಬಾಡಿಗೆ 3 ಲಕ್ಷ, ನೆಟ್ 3.2 ಲಕ್ಷ ಎಂದಿಟ್ಟುಕೊಳ್ಳಿ. ನಿರ್ಮಾಪಕರ ಕಡೆಗೆ ಉಳಿಯುವುದು 20 ಸಾವಿರ. ಅದರಲ್ಲೇ ಪ್ರಚಾರ, ಹಂಚಿಕೆದಾರರ ಕಮಿಷನ್. ಚಿತ್ರಮಂದಿರದ ಮುಂದೆ ಕಟೌಟ್ ನಿಂತಿದ್ದೂ ನಿರ್ಮಾಪಕರ ಜೇಬು ಖಾಲಿ ಇರುವುದು ಹೀಗೆ.

ಹಾಳೆಯ ಕೊನೆಯ ಕಾಲಂ ಸೆನ್ಸಾರ್ ದಿನಾಂಕ. ಕಲೆಕ್ಷನ್ನಿಗೆ ಅದು ಬೇಡ, ಪ್ರಶಸ್ತಿಗಳ ಲೆಕ್ಕಕ್ಕೆ ಬೇಕು. ರಾಷ್ಟ್ರಪ್ರಶಸ್ತಿಗೆ ಪರಿಗಣಿಸುವುದು ಆಯಾ ವರ್ಷ ಸೆನ್ಸಾರ್ ಆದ ಚಿತ್ರಗಳನ್ನು. ಡಿಸೆಂಬರಿನಲ್ಲಿ ಸೆನ್ಸಾರ್ ಆಗಿ ಜನವರಿಯಲ್ಲಿ ತೆರೆಕಂಡರೆ ಹಿಂದಿನ ವರ್ಷದ ಸಾಲಿಗೆ ಸೇರುತ್ತದೆ. ಪ್ರಕಟಣೆ ಇನ್ನೂ ತಡ: 2022ರ ಸಾಲಿನ 70ನೇ ಪ್ರಶಸ್ತಿಯಲ್ಲಿ ರಿಷಬ್ ಶೆಟ್ಟಿ ಅತ್ಯುತ್ತಮ ನಟರಾದದ್ದು ಪ್ರಕಟವಾದದ್ದು 2024ರ ಆಗಸ್ಟಿನಲ್ಲಿ. 2019ರ ಸಾಲಿನ ರಾಜ್ಯ ಪ್ರಶಸ್ತಿಗಳಂತೂ 2025ರ ಜನವರಿಯವರೆಗೆ ಕಾದವು. ಹಾಗಾಗಿ ಸೆನ್ಸಾರ್, ಬಿಡುಗಡೆ, ಪ್ರಕಟಣೆ ಮೂರಕ್ಕೂ ಬೇರೆ ಬೇರೆ ಕಾಲಂ ಇಟ್ಟುಕೊಳ್ಳಿ, ಬರೀ ‘ವರ್ಷ’ ಎಂಬ ಕಾಲಂ ಬೇಡ.