ಗ್ಯಾದರಿಂಗಿನಲ್ಲಿ ಡಮಾಮಿ ಮಾತ್ರವೇ?

ಉತ್ತರ ಕನ್ನಡದಲ್ಲಿ ಸಿದ್ದಿ ಮಕ್ಕಳಿರುವ ಶಾಲೆಯ ಗ್ಯಾದರಿಂಗ್ (ವಾರ್ಷಿಕೋತ್ಸವ) ಅಂದರೆ ಸಿದ್ದಿಗಳು ವಾದ್ಯ ಬಾರಿಸಿಕೊಂಡು ಮಾಡುವ ಅವರದೇ ಡಮಾಮಿ ಕುಣಿತ ಒಂದು ಇದ್ದೇ ಇರುತ್ತದೆ. ಮುಖ್ಯ ಅತಿಥಿಗಳು ಎದ್ದು ಹೋಗುವ ಮೊದಲೇ ಅದನ್ನು ಮಾಡಿಸಿಬಿಡುತ್ತಾರೆ. ಚಪ್ಪಾಳೆ ಬೀಳುತ್ತದೆ, ಪೇಪರಿನಲ್ಲಿ ಫೋಟೋ ಬರುತ್ತದೆ. ಉಳಿದ ಐಟಂಗಳಲ್ಲಿ ಆ ಮಕ್ಕಳನ್ನು ಹುಡುಕಬೇಕು. ಸಿಕ್ಕರೂ ರಾಕ್ಷಸನ ವೇಷದಲ್ಲಿ.

ನಾನು ಯಲ್ಲಾಪುರ, ಹಳಿಯಾಳ ಕಡೆಯ ಸರ್ಕಾರಿ ಶಾಲೆಗಳಲ್ಲೇ ಕೆಲಸ ಮಾಡಿದವಳು. ಸಾಂಸ್ಕೃತಿಕ ಕಾರ್ಯಕ್ರಮದ ಮಾತು ಬಂದರೆ ಹೆಡ್ ಮಾಸ್ತರು ನನ್ನ ಕಡೆಗೇ ನೋಡುತ್ತಾರೆ. ಹಾಗಾಗಿ ಇದನ್ನು ಹೇಗೆ ಬದಲಾಯಿಸಿಕೊಂಡು ಬಂದೆ ಅಂತ ಬರೆಯುತ್ತಿದ್ದೇನೆ.

ದೂರದ ಊರಿನವರಿಗೆ ಸ್ವಲ್ಪ ಹಿನ್ನೆಲೆ. ಸಿದ್ದಿಗಳ ಹಿರಿಯರು ಆಫ್ರಿಕಾದವರು. ಬಹಳಷ್ಟು ಜನರನ್ನು ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದರು, ತಪ್ಪಿಸಿಕೊಂಡವರು ಈ ಕಡೆಯ ಕಾಡು ಸೇರಿದರು. ಅವರಲ್ಲಿ ಹಿಂದೂಗಳು, ಕ್ರೈಸ್ತರು, ಮುಸ್ಲಿಮರು ಮೂವರೂ ಇದ್ದಾರೆ. ಹೆಚ್ಚಿನವರ ಮನೆಮಾತು ಅವರದೇ ಧಾಟಿಯ ಕೊಂಕಣಿ. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. 1980ರ ದಶಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ಓಟಗಾರರನ್ನಾಗಿ ಮಾಡಲು ಹೊರಟಿತ್ತು, ಕೆಲವೇ ವರ್ಷಗಳಲ್ಲಿ ಕೈಬಿಟ್ಟಿತು. ನಮ್ಮ ಶಾಲೆಗಳಲ್ಲಿ ಆ ಯೋಚನೆ ಇನ್ನೂ ಉಳಿದಿದೆ. ಓಡೋದು ಅವರು, ಕುಣಿಯೋದು ಅವರು. ನಿರೂಪಣೆ, ಕ್ವಿಜ್, ಸ್ವಾಗತ ಭಾಷಣ ಬೇರೆಯವರು.

ಮೊದಲು ಕೈಹಾಕಿದ್ದು ಕೋಲಾಟಕ್ಕೆ. "ನಿಮಗೆ ಬೇಕಾದವರ ಜೊತೆ ಜೋಡಿ ಮಾಡ್ಕೊಳ್ಳಿ" ಅಂದರೆ ಸಾಕು, ಕೊನೆಗೆ ಸಿದ್ದಿ ಹುಡುಗಿಯರೇ ಉಳಿದು ಅವರವರೇ ಜೋಡಿಯಾಗುತ್ತಾರೆ. ಯಾರೂ ಯಾರನ್ನೂ ಬೇರೆ ನಿಲ್ಲಿಸಿಲ್ಲ, ಆದರೂ ಬೇರೆ ನಿಂತಾಗಿದೆ ನೋಡಿ! ಅಮೆರಿಕದ ಜಾರ್ಜಿಯಾ ರಾಜ್ಯದ ವಿಲ್ಕಾಕ್ಸ್ ಕೌಂಟಿಯ ಸುದ್ದಿ ಓದಿದಾಗ ಇದೇ ನೆನಪಾಯಿತು. ಅಲ್ಲಿ ಹೈಸ್ಕೂಲು ಮಕ್ಕಳ ಪ್ರಾಮ್ ಪಾರ್ಟಿ, ಅಂದರೆ ವರ್ಷದ ಕೊನೆಯ ಡ್ಯಾನ್ಸ್ ಕೂಟ, ಬಿಳಿಯರಿಗೆ ಬೇರೆ, ಕರಿಯರಿಗೆ ಬೇರೆ ನಡೆಯುತ್ತಿತ್ತು. ಅದನ್ನು ನಡೆಸುತ್ತಿದ್ದದ್ದು ಪಾಲಕರು ಮತ್ತು ಮಕ್ಕಳು, ಖಾಸಗಿಯಾಗಿ. ಶಾಲೆಯ ಲೆಕ್ಕದಲ್ಲಿ ಪ್ರಾಮೇ ಇರಲಿಲ್ಲ. 2013ರಲ್ಲಿ ವಿದ್ಯಾರ್ಥಿಗಳೇ ದುಡ್ಡು ಕೂಡಿಸಿ ಎಲ್ಲರಿಗೂ ಸೇರಿ ಒಂದು ಪ್ರಾಮ್ ಮಾಡಿದರು.

ನಾನು ಮಾಡಿದ್ದು ಇಷ್ಟೇ. ಎತ್ತರದ ಪ್ರಕಾರ ಸಾಲು ನಿಲ್ಲಿಸಿದೆ, ಪಕ್ಕ ಯಾರು ಬಂದರೋ ಅವರೇ ಜೋಡಿ. ಮರುದಿನವೇ ಒಬ್ಬ ತಾಯಿ ಬಂದರು. "ಅಕ್ಕೋರೇ, ನಮ್ಮ ಹುಡುಗಿನ ಬೇರೆಯವರ ಸಂಗಡ ಹಾಕಲಿಕ್ಕೆ ಆಗ್ತದಾ?" ಯಾಕೆ ಅಂತ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. "ಹೈಟ್ ನೋಡಿ ನಿಲ್ಸಿದ್ದು, ಬದಲು ಮಾಡಿದ್ರೆ ಸಾಲು ಕೆಡ್ತದೆ" ಅಂದೆ. ಅವರು ಮಗಳನ್ನು ಬಿಡಿಸಿಯೇಬಿಟ್ಟರು. ಬೇಜಾರಾಯಿತು, ಆದರೆ ಬೆನ್ನು ಹತ್ತಲಿಲ್ಲ. ಆ ಜಾಗಕ್ಕೆ ಬರಲು ಕೆಳಗಿನ ಕ್ಲಾಸಿನವರು ಕಾಯುತ್ತಿದ್ದರು. ಇಂಥ ಕಡೆ ಭಾಷಣ ಕೊಡುವುದಕ್ಕಿಂತ ಸುಮ್ನೆ ಒಂದು ನಿಯಮ ಹಿಡಿದು ಕೂರುವುದು ಒಳ್ಳೆಯದು ಅಂತ ನನ್ನ ಅನಿಸಿಕೆ.

ಯಕ್ಷಗಾನಕ್ಕೆ ಪಾತ್ರ ಹಂಚುವಾಗ ನಾನು ಗೋಡೆ ಕಡೆ ಮುಖ ಮಾಡಿ ಕೂತೆ. ಒಬ್ಬೊಬ್ಬರೇ ಬಂದು ನನ್ನ ಬೆನ್ನ ಹಿಂದೆ ನಿಂತು ಒಂದೇ ಮಾತು ಹೇಳಬೇಕು. ಹೆಸರು ಹೇಳಬಾರದು. ದನಿ ಗುರುತು ಸಿಕ್ಕೇ ಸಿಗುತ್ತದೆ ಅನ್ನಿ, ಆದರೂ ಮುಖ ನೋಡಿ ಪಾತ್ರ ಕೊಡುವ ಚಾಳಿಗೆ ಅದರಿಂದ ಕಡಿವಾಣ ಬಿತ್ತು. ಅರ್ಜುನ ಆದವನು ಒಬ್ಬ ಸಿದ್ದಿ ಹುಡುಗ. ಅವನ ಉಚ್ಚಾರ ಸರಿಯಿಲ್ಲ ಅಂತ ಸಹೋದ್ಯೋಗಿಯೊಬ್ಬರು ತಕರಾರು ತೆಗೆದರು. ಉಚ್ಚಾರ ತಿದ್ದಬಹುದು, ಅಂಥ ದನಿ ಎಲ್ಲಿಂದ ತರೋಣ?

ನಿಜವಾದ ಪಜೀತಿ ಆಗಿದ್ದು ಮೇಕಪ್ಪಿನಲ್ಲಿ. ಪೇಟೆಯಿಂದ ಬರುವವರ ಪೆಟ್ಟಿಗೆಯಲ್ಲಿ ಇರುವುದು ಒಂದೇ ಬಣ್ಣ, ತಿಳಿ ಗುಲಾಬಿ. ಅದನ್ನೇ ಎಲ್ಲರಿಗೂ ಬಳಿಯುತ್ತಾರೆ. ಸಿದ್ದಿ ಮಕ್ಕಳ ಮುಖಕ್ಕೆ ಹಚ್ಚಿದರೆ ಲೈಟಿನ ಕೆಳಗೆ ಬೂದಿ ಮೆತ್ತಿದ ಹಾಗೆ ಕಾಣುತ್ತದೆ. ಕುತ್ತಿಗೆ ಒಂದು ಬಣ್ಣ, ಮುಖ ಒಂದು ಬಣ್ಣ. ಮಕ್ಕಳಿಗೂ ಅದು ಗೊತ್ತಾಗುತ್ತದೆ, ತಲೆ ತಗ್ಗಿಸಿಕೊಂಡೇ ಕುಣಿಯುತ್ತಾರೆ. ಕಪ್ಪು ಮೈಗೆ ಹೊಂದುವ ಬಣ್ಣ ತನ್ನಿ ಅಂದರೆ "ನಮ್ಮಲ್ಲಿ ಇಲ್ಲ" ಅಂದರು. ಹಾಗಾದರೆ ಯಾರಿಗೂ ಬೇಡ ಅಂದೆ. ಡ್ಯಾನ್ಸಿನವರಿಗೆಲ್ಲ ಮುಖಕ್ಕೆ ತೆಳುವಾಗಿ ಕೊಬ್ಬರಿ ಎಣ್ಣೆ, ಕಾಡಿಗೆ, ಬೊಟ್ಟು, ತುಟಿಗೆ ಸ್ವಲ್ಪ ಕೆಂಪು. ಅಷ್ಟೇ. ಖರ್ಚೂ ಉಳಿಯಿತು.

ಗುಂಗುರು ಕೂದಲಿಗೆ ಹೂವಿನ ದಂಡೆ ಕ್ಲಿಪ್ಪಿನಲ್ಲಿ ನಿಲ್ಲುವುದಿಲ್ಲ. ಹೇಗೆ ಅಂತ ಒಬ್ಬ ಸಿದ್ದಿ ತಾಯಿ ತೋರಿಸಿಕೊಟ್ಟರು. ನೆತ್ತಿಗೆ ಅಂಟಿದಂತೆ ಸಣ್ಣ ಸಣ್ಣ ಜಡೆ ಹೆಣೆದು, ದಂಡೆಯನ್ನು ದಾರದಲ್ಲಿ ಆ ಜಡೆಗೇ ಕಟ್ಟುವುದು. ಇದಕ್ಕೆ ಹೊತ್ತು ಬೇಕು, ಹಾಗಾಗಿ ಆ ಮಕ್ಕಳು ಬೇಗ ಬರಬೇಕು. ಬಂದವರೆಲ್ಲ ಅವರ ಕೂದಲು ಮುಟ್ಟಿ ನೋಡುವುದೊಂದು ಚಟ. ತಯಾರಾಗುವ ಕೋಣೆಯ ಬಾಗಿಲಲ್ಲಿ ಒಬ್ಬ ಟೀಚರನ್ನು ನಿಲ್ಲಿಸಿ, ಹೊರಗಿನವರನ್ನು ಬಿಡಬೇಡಿ ಅಂದೆ.

ನಿರೂಪಣೆಯ ಚೀಟಿ ಈಗ ನಾನೇ ನೋಡುತ್ತೇನೆ. "ಆಫ್ರಿಕಾ ಮೂಲದ ಮಕ್ಕಳಿಂದ" ಅನ್ನುವ ಸಾಲು ಹೊಡೆದು ಹಾಕಿದೆ. ಉಳಿದ ಮಕ್ಕಳ ಮೂಲ ನಾವೇನು ಮೈಕಿನಲ್ಲಿ ಕೂಗುತ್ತೇವಾ? ಹೆಸರು, ತರಗತಿ ಸಾಕು.

ಇನ್ನು ಹೊತ್ತು. ರಾತ್ರಿ ಶುರುವಾದರೆ ಕಾಡೊಳಗಿನ ಮನೆಗಳ ಮಕ್ಕಳು ಬರುವುದೇ ಇಲ್ಲ. ಬಸ್ಸಿಲ್ಲ, ದಾರಿಯಲ್ಲಿ ದೀಪವಿಲ್ಲ. ಮಧ್ಯಾಹ್ನ ಇಟ್ಟರೆ ಲೈಟಿಂಗ್ ಕಾಣುವುದಿಲ್ಲ ಅಂತ ಶಾಲಾಭಿವೃದ್ಧಿ ಸಮಿತಿಯ, ಅಂದರೆ ಎಸ್‌ಡಿಎಂಸಿಯವರು ಗೊಣಗಿದರು. ಮಕ್ಕಳದ್ದು ಮಧ್ಯಾಹ್ನ, ಹಳೆಯ ವಿದ್ಯಾರ್ಥಿಗಳ ನಾಟಕ ರಾತ್ರಿ ಅಂತ ರಾಜಿಯಾಯಿತು. ಮುಂದಿನ ಸಾಲಿನ ಕುರ್ಚಿಗಳು ಕುಣಿಯುವ ಮಕ್ಕಳ ತಾಯಂದಿರಿಗೆ. ಇಲ್ಲದಿದ್ದರೆ ಸಿದ್ದಿ ತಾಯಂದಿರು ಕಾಂಪೌಂಡಿನ ಹತ್ತಿರ ನಿಂತೇ ನೋಡಿ ಹೋಗುತ್ತಾರೆ. ಡ್ರೆಸ್ ಬಾಡಿಗೆ ಎತ್ತುವುದನ್ನು ನಿಲ್ಲಿಸಿ ಮನೆಮನೆಯ ಸೀರೆ ತರಿಸಿದೆ. ಕೂಲಿ ಮಾಡುವವರಿಗೆ ಆ ದುಡ್ಡೇ ದೊಡ್ಡದು.

ಡಮಾಮಿ ತೆಗೆದಿಲ್ಲ. ತೆಗೆಯಲು ನಾನ್ಯಾರು? ಕಲಿಸಲು ಸಿದ್ದಿ ಅಜ್ಜಿಯನ್ನೇ ಕರೆಸಿ ಗೌರವಧನ ಕೊಡುತ್ತೇವೆ. ಬೇರೆ ಮಕ್ಕಳನ್ನೂ ಅದರಲ್ಲಿ ಸೇರಿಸೋಣ ಅಂದಾಗ ಸಿದ್ದಿಗಳಲ್ಲೇ ಎರಡು ಮಾತು ಬಂತು. ಕೆಲವರಿಗೆ ಖುಷಿ. ಕೆಲವರು "ಅದು ನಮ್ಮ ಹಿರಿಯರದ್ದು, ಎಲ್ಲರಿಗೂ ಯಾಕೆ?" ಅಂದರು. ಅದೂ ನ್ಯಾಯವೇ. ಕಳೆದ ಸಲ ವಾದ್ಯ ಅವರ ಕೈಯಲ್ಲೇ ಇರಲಿ, ಕುಣಿತಕ್ಕೆ ಯಾರಾದರೂ ಬರಲಿ ಅಂತ ಆಯಿತು. ಈ ವರ್ಷ ಏನು ಮಾಡೋದು ಅಂತ ಅವರೇ ಹೇಳಬೇಕು, ಡಿಸೆಂಬರಿನ ಪಾಲಕರ ಸಭೆಯಲ್ಲಿ ಕೇಳುತ್ತೇನೆ.