ತೋಟದ ಬೇಲಿಯಲ್ಲಿ ಉರುಳು ಹುಡುಕಿ ತೆಗೆಯುವುದು ಹೇಗೆ

ಮಲೆನಾಡಿನ ಕಾಫಿ ತೋಟಗಳಲ್ಲಿ, ಕಾಡಂಚಿನ ಜೋಳ–ಕಬ್ಬಿನ ಹೊಲಗಳಲ್ಲಿ ಸಿಗುವ ಉರುಳು, ಅಂದರೆ ಪ್ರಾಣಿ ನುಸುಳಿದರೆ ಬಿಗಿಯುವ ಕುಣಿಕೆ, ಹೆಚ್ಚಾಗಿ ಬೈಕಿನ ಕ್ಲಚ್ ಇಲ್ಲವೇ ಬ್ರೇಕ್ ವೈರಿನದು. ಹಾಕುವುದು ಹಂದಿಗೆ. ಆದರೆ ಬೇಲಿಯ ಅದೇ ಕಂಡಿಯಲ್ಲಿ ಚಿರತೆ, ಹುಲಿ, ಕರಡಿ, ಮನೆಯ ನಾಯಿ ಎಲ್ಲವೂ ನುಸುಳುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಉರುಳಿನಲ್ಲಿ ಹಿಡಿಯುವುದನ್ನಷ್ಟೇ ಅಲ್ಲ, ಹಿಡಿಯುವ ಪ್ರಯತ್ನವನ್ನೂ ಬೇಟೆ ಎಂದೇ ಎಣಿಸುತ್ತದೆ. ಹಾಗಾಗಿ ಏನೂ ಬೀಳದ ಖಾಲಿ ಉರುಳೂ ಅಪರಾಧವೇ. ಬ್ರಿಟನ್ನಿನಲ್ಲೂ ಉರುಳಿಗೆ ನಿಷೇಧ ಬಂದಿದೆ: ವೇಲ್ಸ್‌ನಲ್ಲಿ 2023ರ ಅಕ್ಟೋಬರ್‌ನಲ್ಲಿ, ಸ್ಕಾಟ್ಲೆಂಡಿನಲ್ಲಿ 2024ರ ನವೆಂಬರ್‌ನಲ್ಲಿ ಅದು ಜಾರಿಯಾಯಿತು. ಕುಣಿಕೆ ಪೂರ್ತಿ ಬಿಗಿಯದಂತೆ ತಡೆ ಇಟ್ಟರೆ ಸಾಲದೇ ಎಂಬ ವಾದ ಅಲ್ಲಿ ಬಹಳ ಕಾಲ ನಡೆದಿತ್ತು. ನಮ್ಮಲ್ಲಿ ಕಾನೂನಿಗೆ ಕೊರತೆಯಿಲ್ಲ. ಬೇಲಿಯುದ್ದಕ್ಕೂ ನಡೆದು ನೋಡುವವರದ್ದೇ ಕೊರತೆ.

ಹೊರಡುವ ಮೊದಲು

ಹುಡುಕುವುದು ನಿಮ್ಮದೇ ಜಮೀನಿನಲ್ಲಿ, ಅಥವಾ ಮಾಲೀಕರು ಒಪ್ಪಿದ ಜಮೀನಿನಲ್ಲಿ ಮಾತ್ರ. ಮೀಸಲು ಅರಣ್ಯದೊಳಗೆ ಅನುಮತಿಯಿಲ್ಲದೆ ಕಾಲಿಡಬೇಡಿ. ವಲಯ ಅರಣ್ಯಾಧಿಕಾರಿಗೆ ಮೊದಲೇ ತಿಳಿಸಿ, ಗಾರ್ಡ್ ಅಥವಾ ವಾಚರ್ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಐದಾರು ಜನ ಸಾಕು. ಚರ್ಮದ ಕೈಗವಸು, ಉದ್ದನೆಯ ಕೋಲು, ಕೆಂಪು ಟೇಪು, ಜಿಪಿಎಸ್ ಇರುವ ಮೊಬೈಲ್, ಎಂಟು ಇಂಚಿನ ಕೇಬಲ್ ಕಟರ್ ಬೇಕು. ಮನೆಯ ಕಟಿಂಗ್ ಪ್ಲೈಯರ್ ನೆಚ್ಚಿಕೊಳ್ಳಬೇಡಿ: ಹೆಣೆದ ವೈರು ತುಂಡಾಗದೆ ಎಳೆ ಬಿಚ್ಚಿಕೊಳ್ಳುತ್ತದೆ, ಆ ಎಳೆಗಳು ಸೂಜಿಯಂತೆ ಕೈಗೆ ಚುಚ್ಚುತ್ತವೆ.

ಬೆಳಗಿನ ಓರೆ ಬಿಸಿಲು ಒಳ್ಳೆಯದು, ಹೊಸ ವೈರು ಮಿನುಗುತ್ತದೆ. ಭತ್ತ ತೆನೆಗಟ್ಟುವಾಗ, ಹಲಸು ಹಣ್ಣಾಗುವಾಗ ಹಂದಿ ಬರುತ್ತದೆ, ಉರುಳೂ ಬರುತ್ತದೆ. ಕಾಫಿ ಕೊಯ್ಲಿಗೆ ಆಳುಗಳನ್ನು ಇಳಿಸುವ ಮೊದಲು ಒಂದು ಸುತ್ತು ಹಾಕುವುದು ಅವರ ಸುರಕ್ಷತೆಗೂ ಬೇಕು.

ಎಲ್ಲಿ ನೋಡಬೇಕು

ಇಬ್ಬರ ನಡುವೆ ನಾಲ್ಕೈದು ಮೀಟರ್ ಬಿಟ್ಟು ಸಾಲಾಗಿ, ನಿಧಾನವಾಗಿ ನಡೆಯಿರಿ. ಬೇಲಿಯನ್ನು ಎರಡೂ ಬದಿಯಿಂದ ನೋಡಬೇಕು. ಒಂದೇ ಬದಿ ನೋಡಿದರೆ ಅರ್ಧ ತಪ್ಪಿಹೋಗುತ್ತದೆ. ಮುಳ್ಳುತಂತಿಯ ಕೆಳಗೆ ಮಣ್ಣು ನುಣುಪಾಗಿ ಸವೆದ ಕಂಡಿ, ಅಲ್ಲಿನ ಮುಳ್ಳಿಗೆ ಸಿಕ್ಕಿದ ಕೂದಲು, ತೋಡು ದಾಟುವ ಜಾಗ, ಕೆರೆಗೆ ಇಳಿಯುವ ಜಾಡು — ಇವೇ ಮುಖ್ಯ. ತರಗೆಲೆಯ ನಡುವೆ ಒಣ ಸೊಪ್ಪು–ಕೊಂಬೆಗಳನ್ನು ಉದ್ದಕ್ಕೆ ಒಟ್ಟಿ, ನಡುನಡುವೆ ಸಣ್ಣ ಬಾಗಿಲು ಬಿಟ್ಟಿದ್ದರೆ ಅದು ತಾನಾಗಿ ಬಿದ್ದ ಕಸವಲ್ಲ. ಪ್ರತಿ ಬಾಗಿಲನ್ನೂ ನೋಡಿ. ತುಕ್ಕು ಹಿಡಿದ ವೈರು ಕಾಣುವುದೇ ಇಲ್ಲ. ಆಗ ಕಣ್ಣು ಮರದ ಬುಡದ ಮೇಲಿರಲಿ: ಮೊಣಕಾಲಿನ ಕೆಳಗೆ ತೊಗಟೆಯಲ್ಲಿ ಸುತ್ತಲೂ ಕೊರೆದ ಗೆರೆಯಿದ್ದರೆ ಅಲ್ಲಿ ವೈರು ಕಟ್ಟಿದ್ದಾರೆ, ಅಥವಾ ಹಿಂದೆ ಕಟ್ಟಿದ್ದರು. ಒಂದು ಸಿಕ್ಕರೆ ಅಲ್ಲಿಗೇ ನಿಲ್ಲಿಸಬೇಡಿ, ಅದೇ ಜಾಡಿನಲ್ಲಿ ಇನ್ನೂ ಇರುತ್ತವೆ.

ನೆಲದ ಹತ್ತಿರ ಎಳೆದ ಯಾವ ತಂತಿಯನ್ನೂ ಮೊದಲು ಮುಟ್ಟಬೇಡಿ. ಅದು ಕಂಬದಿಂದ ಕದ್ದ ಕರೆಂಟಿನದಾಗಿರಬಹುದು. ತಂತಿ ಎಲ್ಲಿಂದ ಬಂದಿದೆ ಎಂದು ಕಣ್ಣಲ್ಲೇ ಹಿಂಬಾಲಿಸಿ. ಅನುಮಾನವಿದ್ದರೆ ಹಿಂದೆ ಸರಿದು ವಿದ್ಯುತ್ ಇಲಾಖೆಗೆ ಫೋನ್ ಮಾಡಿ. ಹಿಟ್ಟಿನ ಅಥವಾ ಕೊಬ್ಬಿನ ಉಂಡೆ ಬಿದ್ದಿದ್ದರೆ ಒದೆಯಬೇಡಿ, ಎತ್ತಬೇಡಿ. ಒಳಗೆ ಸಿಡಿಮದ್ದು ಇದ್ದರೆ ಕೈಯೇ ಹೋಗುತ್ತದೆ.

ಸಿಕ್ಕಾಗ

ಕೀಳುವ ಮೊದಲು ದೂರದಿಂದ ಒಂದು, ಹತ್ತಿರದಿಂದ ಎರಡು ಫೋಟೊ ತೆಗೆಯಿರಿ, ಪಕ್ಕದಲ್ಲಿ ಅಳತೆಗೊಂದು ಸ್ಕೇಲ್ ಇರಲಿ. ಜಿಪಿಎಸ್ ಗುರುತು ಬರೆದುಕೊಂಡು ಟೇಪು ಕಟ್ಟಿ. ತೆಗೆಯುವ ತೀರ್ಮಾನ ಅರಣ್ಯ ಸಿಬ್ಬಂದಿಯದು. ಹಾಕಿದವರನ್ನು ಹಿಡಿಯಲು ಕಾಯುವ ಯೋಚನೆ ಅವರಿಗಿದ್ದರೂ, ಕುಣಿಕೆಯನ್ನಾದರೂ ನಿಷ್ಕ್ರಿಯಗೊಳಿಸಿ ಎಂದು ಒತ್ತಾಯಿಸಿ. ಕತ್ತರಿಸುವಾಗ ಮರಕ್ಕೆ ಕಟ್ಟಿದ ಗಂಟು ಹಾಗೇ ಉಳಿಯಲಿ. ಗಂಟು ಹಾಕುವ ರೀತಿಯಿಂದ ಒಬ್ಬನದೇ ಕೈಕೆಲಸವೇ ಎಂದು ತಿಳಿಯಬಹುದು. ತುಂಡುಗಳನ್ನು ಅಲ್ಲೇ ಎಸೆಯಬೇಡಿ, ಮನೆಗೂ ಒಯ್ಯಬೇಡಿ. ಸಹಿ ಪಡೆದು ಅರಣ್ಯ ಸಿಬ್ಬಂದಿಗೆ ಒಪ್ಪಿಸಿ.

ಪ್ರಾಣಿ ಸಿಕ್ಕಿಬಿದ್ದಿದ್ದರೆ ಕೆಲಸ ಬೇರೆ. ಕಣ್ಣಿಗೆ ಬೀಳದಷ್ಟು ದೂರ ಸರಿದು ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡಿ, ಜನರನ್ನು ತಡೆಯಿರಿ. ಚಿರತೆ ಗಾಬರಿಯಾದಷ್ಟೂ ಎಳೆಯುತ್ತದೆ, ಎಳೆದಷ್ಟೂ ವೈರು ಒಳಗಿಳಿಯುತ್ತದೆ. ವೈರು ಕಿತ್ತುಬಂದರೆ ಎದುರಿರುವವರೇ ಗುರಿ. ಪಶುವೈದ್ಯರು ಅರಿವಳಿಕೆ ಕೊಟ್ಟ ಮೇಲಷ್ಟೇ ವೈರಿಗೆ ಕೈ ಹಾಕಬೇಕು. ಸೊಂಟಕ್ಕೆ ಉರುಳು ಬಿದ್ದ ಚಿರತೆಯನ್ನು, ಚರ್ಮ ಹರಿದಿಲ್ಲ ಎಂದು ಕೂಡಲೇ ಕಾಡಿಗೆ ಬಿಡುವುದು ದೊಡ್ಡ ತಪ್ಪು. ಒಳಗಿನ ಅಂಗಗಳಿಗೆ ಪೆಟ್ಟು ಬಿದ್ದಿದ್ದರೆ ಅದು ದಿನಗಳ ನಂತರ, ಯಾರ ಕಣ್ಣಿಗೂ ಬೀಳದೆ ಸಾಯುತ್ತದೆ. ಕೆಲವು ದಿನ ನಿಗಾದಲ್ಲಿಡಿ ಎಂದು ಕೇಳುವ ಹಕ್ಕು ನಿಮಗಿದೆ.

ಹಂದಿಯ ಕಾಟ

ಒಂದೇ ರಾತ್ರಿಯಲ್ಲಿ ಗದ್ದೆ ಹಾಳಾದವರಿಗೆ ನಿಷೇಧದ ಪಾಠ ಹೇಳಿದರೆ ವೈರು ಮತ್ತೆ ಬರುತ್ತದೆ, ಅವರ ಸಿಟ್ಟು ನ್ಯಾಯವಾದದ್ದೇ. ಸೋಲಾರ್ ಬೇಲಿ ಹಾಕುವುದಾದರೆ ಹಂದಿಗೆ ಕೆಳಗಿನ ತಂತಿಯೇ ಮುಖ್ಯ: ನೆಲದಿಂದ 15–20 ಸೆಂಟಿಮೀಟರ್, ಅದರ ಮೇಲಿನದು ಸುಮಾರು 40. ಹೆಚ್ಚಿನ ಬೇಲಿಗಳು ಸೋಲುವುದು ಕಳೆಯಿಂದ. ಹುಲ್ಲು ತಂತಿಗೆ ತಾಗಿ ಶಾಕ್ ಸೋರಿಹೋಗುತ್ತದೆ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಸವರಬೇಕು. ಮನೆಯ ಕರೆಂಟನ್ನು ನೇರ ಬೇಲಿಗೆ ಕೊಡುವುದು ಕೊಲೆಗೆ ಸಮ. ಬೆಳೆ ಹಾನಿಯಾದರೆ ಗದ್ದೆ ಸರಿಪಡಿಸುವ ಮೊದಲೇ ಹೆಜ್ಜೆಗುರುತು ಕಾಣುವಂತೆ ಫೋಟೊ ತೆಗೆದು, ಪಹಣಿಯೊಂದಿಗೆ ವಲಯ ಅರಣ್ಯ ಕಚೇರಿಗೆ ಪರಿಹಾರದ ಅರ್ಜಿ ಕೊಡಿ. ಉರುಳು ತೆಗೆದ ಕಂಡಿಗಳನ್ನು ಹದಿನೈದು ದಿನಕ್ಕೊಮ್ಮೆ ಮತ್ತೆ ನೋಡಿ, ಹಾಕಿದವರು ಬರುವುದು ಅಲ್ಲಿಗೇ.