ಕಣ್ಣು ಮಂದವಾದವರ ಕೈಯಿಂದ ಸೌಟು ಕಿತ್ಕೋಬೇಡಿ

ಮನೆಯ ಹಿರಿಯರಿಗೆ ಕಣ್ಣು ಸರಿಯಾಗಿ ಕಾಣುತ್ತಿಲ್ಲ ಅಂತ ಗೊತ್ತಾದ ಕೂಡಲೇ ನಾವು ಏನು ಮಾಡುತ್ತೇವೆ ಹೇಳಿ? ಅವರನ್ನು ಅಡುಗೆಮನೆಯಿಂದ ಎಬ್ಬಿಸಿ ಹಾಲ್‌ನಲ್ಲಿ ಕೂರಿಸುತ್ತೇವೆ. "ನೀವು ಸುಮ್ನೆ ಕೂತ್ಕೊಳ್ಳಿ ಅತ್ತೆ, ನಾನಿದೀನಲ್ಲ" ಅಂತೀವಿ. ಪ್ರೀತಿಯಿಂದಲೇ ಹೇಳೋದು, ಇಲ್ಲ ಅನ್ನಲ್ಲ. ಆದರೆ ಜೀವಮಾನವೆಲ್ಲ ಒಲೆ ಮುಂದೆ ನಿಂತವರಿಗೆ ಆ ಮಾತು ಕೇಳಿದಾಗ ಹೇಗಾಗುತ್ತದೆ ಅಂತ ಯೋಚಿಸಿ. ನಮ್ಮತ್ತೆಗೆ ಗ್ಲಾಕೋಮಾ, ಅಂದರೆ ಕಣ್ಣಿನ ನರ ಮೆಲ್ಲಗೆ ಹಾಳಾಗುವ ಕಾಯಿಲೆ, ಇತ್ತು. ಕೊನೆಕೊನೆಗೆ ಬೆಳಕು, ನೆರಳು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಆದರೂ ಬೆಳಗಿನ ಕಾಫಿ ಅವರದ್ದೇ. ಆಮೇಲೆ ನಮ್ಮ ಯಜಮಾನರಿಗೂ ಸಕ್ಕರೆ ಕಾಯಿಲೆಯಿಂದ ಕಣ್ಣು ಮಂದವಾಯಿತು. ಇಬ್ಬರ ಜೊತೆ ಇದ್ದು ಕಲಿತದ್ದನ್ನು ಹೇಳುತ್ತೇನೆ.

ಕಣ್ಣು ಕಾಣಲ್ಲ ಅಂದರೆ ಎಲ್ಲರಿಗೂ ಒಂದೇ ತರ ಅಲ್ಲ. ಗ್ಲಾಕೋಮಾದವರಿಗೆ ಸಾಮಾನ್ಯವಾಗಿ ಮೊದಲು ಪಕ್ಕದ ನೋಟ ಹೋಗುತ್ತದೆ. ಎದುರಿಗಿರುವ ಪೇಪರ್ ಓದುತ್ತಾರೆ, ಆದರೆ ಪಕ್ಕದ ಸ್ಟೂಲ್‌ಗೆ ಎಡವುತ್ತಾರೆ. ಅಕ್ಷಿಪಟಲದ, ಅಂದರೆ ಕಣ್ಣಿನ ಹಿಂಬದಿಯ ಪರದೆಯ, ನಡುಭಾಗ ಸವೆದವರಿಗೆ ಇದು ಉಲ್ಟಾ. ನೆಲದ ಮೇಲೆ ಬಿದ್ದ ಪಿನ್ನು ಕಾಣುತ್ತದೆ, ಎದುರು ನಿಂತ ಮಗನ ಮುಖ ಕಾಣುವುದಿಲ್ಲ. ಇದು ಗೊತ್ತಿಲ್ಲದ ನೆಂಟರು "ಬೇಕಾದ್ದೆಲ್ಲ ಕಾಣತ್ತೆ, ಬೇಡದ್ದು ಕಾಣಲ್ಲ, ಬರೀ ನಾಟಕ" ಅಂದುಬಿಡುತ್ತಾರೆ. ದಯವಿಟ್ಟು ಅಂಥ ಮಾತು ಆಡಬೇಡಿ. ಅವರಿಗೆ ಯಾವ ಭಾಗ ಕಾಣುತ್ತದೆ, ಯಾವ ಬೆಳಕಿನಲ್ಲಿ ಕಾಣುತ್ತದೆ ಅಂತ ಡಾಕ್ಟರನ್ನೂ ಕೇಳಿ, ಅವರನ್ನೂ ಕೇಳಿ. ಹಾಗೇ ಇನ್ನೊಂದು ಮಾತು. ಗ್ಲಾಕೋಮಾ ಮನೆತನದಲ್ಲಿ ಬರುವುದುಂಟು. ಅಪ್ಪನಿಗೋ ಅಮ್ಮನಿಗೋ ಇದ್ದರೆ ಮಕ್ಕಳೆಲ್ಲ ಕಣ್ಣಿನ ಒತ್ತಡ, ನರ ಎರಡನ್ನೂ ಪರೀಕ್ಷೆ ಮಾಡಿಸಿಕೊಳ್ಳಿ. ಹೋದ ನೋಟ ವಾಪಸ್ ಬರುವುದಿಲ್ಲ. ಉಳಿದದ್ದನ್ನು ಉಳಿಸಿಕೊಳ್ಳಬೇಕು ಅಷ್ಟೇ.

ಮನೆಯೊಳಗೆ ಒಂದೇ ಕಾನೂನು ಸಾಕು: ಇಟ್ಟ ವಸ್ತು ಇಟ್ಟಲ್ಲೇ ಇರಬೇಕು. ಹಬ್ಬಕ್ಕೆ ಮನೆ ಒರೆಸಿ ಕುರ್ಚಿ ಆಚೀಚೆ ಮಾಡಿದಿರಾ, ವಾಪಸ್ ಅಲ್ಲೇ ಇಡಿ. ಇಡೋಕಾಗದಿದ್ದರೆ ಕೈ ಹಿಡಿದು ಕರೆದುಕೊಂಡು ಹೋಗಿ ಮುಟ್ಟಿಸಿ ತೋರಿಸಿ. ಬಾಗಿಲು ಪೂರ್ತಿ ತೆಗೆದಿರಲಿ, ಇಲ್ಲ ಪೂರ್ತಿ ಹಾಕಿರಲಿ. ಅರ್ಧ ತೆಗೆದ ಬಾಗಿಲಿನ ಅಂಚು ನೆಟ್ಟಗೆ ಹಣೆಗೇ ಬಡಿಯುತ್ತದೆ. ಅಡುಗೆಮನೆ ಶೆಲ್ಫ್‌ನ ಬಾಗಿಲು, ಹೊರಕ್ಕೆ ತೆರೆಯುವ ಕಿಟಕಿ ಬಾಗಿಲು, ಇವೂ ಹಾಗೇ. ಹಳೇ ಮನೆಯ ಹೊಸ್ತಿಲಿಗೆ ಹಳದಿ ಬಳಿಯುತ್ತಿದ್ದದ್ದು ಪೂಜೆಗಾದರೂ, ಮಂದ ಕಣ್ಣಿಗೆ ಅದಕ್ಕಿಂತ ಒಳ್ಳೆಯ ಗುರುತು ಬೇರೆ ಇಲ್ಲ. ಮೆಟ್ಟಿಲಿನ ಅಂಚಿಗೂ ಅದೇ ಹಳದಿ ಪೇಂಟ್ ಪಟ್ಟಿ ಹೊಡೆಸಿ. ಬಿಳಿ ಟೈಲ್ಸ್ ಬಾತ್‌ರೂಮಿನಲ್ಲಿ ಬಿಳಿ ಬಕೆಟ್ ಇಡಬೇಡಿ. ಕೆಂಪೋ ನೀಲಿಯೋ ಇರಲಿ, ಚೊಂಬು ಮಗ್ಗೂ ಅಷ್ಟೇ. ಬಲ್ಬ್ ಜಾಸ್ತಿ ಹಾಕಿದರೆ ಜಾಸ್ತಿ ಕಾಣುತ್ತದೆ ಅಂತಲ್ಲ. ಎದುರಿಂದ ಬೆಳಕು ಬಿದ್ದರೆ ಕಣ್ಣು ಕುಕ್ಕುತ್ತದೆ. ಕೆಲಸ ಮಾಡುವ ಕೈ ಮೇಲೆ ಹಿಂದಿನಿಂದ, ಭುಜದ ಕಡೆಯಿಂದ ಬೀಳಬೇಕು.

ಇನ್ನು ಅಡುಗೆಮನೆ. ಇಲ್ಲಿ ಕಿವಿ, ಮೂಗು, ಬೆರಳು ಅರ್ಧ ಕೆಲಸ ತಾವೇ ಮಾಡುತ್ತವೆ. ಸಾಸಿವೆ ಸಿಡಿಯುವುದು ಕೇಳುತ್ತದೆ, ಮೆಂತ್ಯ ಹುರಿದದ್ದು ಮೂಗಿಗೆ ಗೊತ್ತಾಗುತ್ತದೆ, ಜೀರಿಗೆಗೂ ಸೋಂಪಿಗೂ ಬೆರಳಲ್ಲೇ ವ್ಯತ್ಯಾಸ ಸಿಗುತ್ತದೆ. ಕಷ್ಟ ಇರುವುದು ಉಪ್ಪು, ಸಕ್ಕರೆ, ರವೆಯ ಡಬ್ಬಿಗಳಲ್ಲಿ. ಉಪ್ಪಿಗೆ ಒಂದು ರಬ್ಬರ್‌ಬ್ಯಾಂಡ್, ಸಕ್ಕರೆಗೆ ಎರಡು ಹಾಕಿ. ಮುಚ್ಚಳಕ್ಕೆ ಹಾಕಬೇಡಿ, ಡಬ್ಬಿಗೇ ಹಾಕಿ. ಮುಚ್ಚಳ ತೊಳೆಯುವಾಗ ಅದಲುಬದಲಾಗುತ್ತದೆ, ಅಲ್ವಾ? ಎಣ್ಣೆ ಬಾಟಲಿಯಿಂದ ಸುರಿಯುವುದು ತಪ್ಪಿದರೆ ಒಲೆಯೆಲ್ಲ ಎಣ್ಣೆ. ಅಗಲ ಬಾಯಿಯ ಪಾತ್ರೆಯಲ್ಲಿ ಎಣ್ಣೆ ಇಟ್ಟು, ಹಿಡಿ ಬಗ್ಗಿಸಿದ ಚಮಚ ಅದ್ದಿ ತೆಗೆದರೆ ಅಳತೆಯೂ ಸರಿ, ಚೆಲ್ಲುವುದೂ ಇಲ್ಲ. ಉಪ್ಪನ್ನು ಮೊದಲು ಅಂಗೈಗೆ ಹಾಕಿಕೊಂಡು ಆಮೇಲೆ ಪಾತ್ರೆಗೆ. ಏನೇ ಸುರಿಯುವುದಿದ್ದರೂ ಅಂಚಿರುವ ದೊಡ್ಡ ತಟ್ಟೆಯೊಳಗೇ ಪಾತ್ರೆ ಇಟ್ಟುಕೊಂಡು ಮಾಡಲಿ.

ಗ್ಯಾಸ್ ಹಚ್ಚುವ ಮೊದಲು ಪಾತ್ರೆಯನ್ನು ಒಲೆ ಮೇಲೆ ಕೂರಿಸಿ, ನಡುಮಧ್ಯ ಇದೆಯಾ ಅಂತ ಕೈಯಿಂದ ನೋಡಿ, ಆಮೇಲೆ ಲೈಟರ್. ಬೆಂಕಿಕಡ್ಡಿ ಬೇಡವೇ ಬೇಡ. ನಾಬ್ ಆಫ್ ಆಗಿರುವಾಗ ಮೇಲೆ ಬರುವ ಜಾಗಕ್ಕೆ ಎಂ-ಸೀಲ್‌ನ ಒಂದು ಚಿಕ್ಕ ಚುಕ್ಕಿ ಅಂಟಿಸಿ, ಬೆರಳಿಗೆ ಸಿಗುತ್ತದೆ. ಬಿಸಿ ತಾಗದ ಕಡೆಗೆ, ಅಂದರೆ ವಾಷಿಂಗ್ ಮಷಿನ್ ಬಟನ್, ಟಿವಿ ರಿಮೋಟ್, ಇವಕ್ಕೆ ಕಲ್ಲಿನ ಸ್ಟಿಕ್ಕರ್ ಬೊಟ್ಟು ಸಾಕು. ಸೆರಗು ಸೊಂಟಕ್ಕೆ ಸಿಕ್ಕಿಸಿರಲಿ, ತೂಗಾಡುವ ತೋಳಿನ ನೈಟಿ ಒಲೆ ಹತ್ತಿರ ಬೇಡ. ಹಾಲಿಗೆ ಸೀಟಿ ಹೊಡೆಯುವ ಹಾಲಿನ ಕುಕ್ಕರ್ ಇಟ್ಟುಬಿಡಿ, ಉಕ್ಕುವ ತಲೆನೋವೇ ಇಲ್ಲ. ನಮ್ಮತ್ತೆ ಕಾಫಿಗೆ ಹಾಲನ್ನು ತಣ್ಣಗಿರುವಾಗಲೇ ಲೋಟದಲ್ಲಿ ಅಳೆದು ಕಾಯಿಸಲು ಇಡುತ್ತಿದ್ದರು. ಡಿಕಾಕ್ಷನ್ ಚಮಚದ ಲೆಕ್ಕ. ಹೀಗಾಗಿ ಬಿಸಿ ಹಾಲು ಎಷ್ಟಾಯಿತು ಅಂತ ಬೆರಳು ಇಟ್ಟು ನೋಡುವ ಪ್ರಮೇಯವೇ ಬರುತ್ತಿರಲಿಲ್ಲ.

ಈಳಿಗೆಮಣೆ ಬಗ್ಗೆ ಜನ ಹೆದರುತ್ತಾರೆ. ಚಿಕ್ಕಂದಿನಿಂದ ಅದರಲ್ಲೇ ಹೆಚ್ಚಿದವರಾದರೆ ಬಿಡಿ, ಅಲ್ಲಾಡದ ಅಲಗು ಅವರಿಗೆ ಅಲ್ಲಾಡುವ ಚಾಕುವಿಗಿಂತ ಹೆಚ್ಚು ಗೊತ್ತು. ಹೊಸದಾಗಿ ಕಲಿಯುವವರಿಗೆ ಮಾತ್ರ ಬೇಡ. ಕೆಲಸ ಮುಗಿದ ತಕ್ಷಣ ಅಲಗು ಮಡಚಿ ಒಂದೇ ಜಾಗದಲ್ಲಿ ಇಡಬೇಕು. ಚಾಕುವನ್ನು ಸಿಂಕಿನ ನೀರೊಳಗೆ ಹಾಕಿಡುವ ಅಭ್ಯಾಸವನ್ನು ಮನೆಮಂದಿಯೆಲ್ಲ ಬಿಡಬೇಕು. ಫಿನಾಯಿಲ್, ಆ್ಯಸಿಡ್ ಇವನ್ನು ಹಳೇ ಜ್ಯೂಸ್ ಬಾಟಲಿಗೆ ತುಂಬಿಸಿಡುವವರಿಗೆ ಏನು ಹೇಳುವುದೋ ನನಗೆ ತಿಳಿಯದು. ಅವು ಅಡುಗೆಮನೆಯಲ್ಲಿ ಇರಲೇಬಾರದು.

ಊಟಕ್ಕೆ ಕೂತಾಗ ಯಾವುದು ಎಲ್ಲಿದೆ ಅಂತ ಹೇಳಲು ಕೆಲವು ಕಡೆ ಗಡಿಯಾರದ ಲೆಕ್ಕ ಕಲಿಸುತ್ತಾರೆ, ಆರು ಗಂಟೆಗೆ ಅನ್ನ, ಮೂರು ಗಂಟೆಗೆ ಪಲ್ಯ ಅಂತ. ನಮ್ಮ ಬಾಳೆಲೆ ಊಟದಲ್ಲಿ ಅದು ಮೊದಲೇ ಇದೆ. ಎಡತುದಿಯಲ್ಲಿ ಉಪ್ಪು, ಪಕ್ಕದಲ್ಲಿ ಉಪ್ಪಿನಕಾಯಿ, ಕೋಸಂಬರಿ, ಪಲ್ಯ, ನಡುವೆ ಅನ್ನ. ತಟ್ಟೆಯಲ್ಲೂ ನಿಮ್ಮ ಮನೆಯ ಅದೇ ಕ್ರಮದಲ್ಲಿ ಬಡಿಸಿ, ದಿನಾ ಹಾಗೇ. ಅಂದಹಾಗೆ ಹಸಿರು ಎಲೆ ಮೇಲೆ ಬಿಳಿ ಅನ್ನ ಚೆನ್ನಾಗಿ ಕಾಣುತ್ತದೆ, ಹೊಳೆಯುವ ಸ್ಟೀಲ್ ತಟ್ಟೆಯಲ್ಲಿ ಕಾಣುವುದಿಲ್ಲ. ಮೊಸರನ್ನಕ್ಕೆ ಗಾಢ ಬಣ್ಣದ ಬಟ್ಟಲು ತನ್ನಿ.

ಕಣ್ಣಿಗೆ ಹನಿ ಹಾಕಿಕೊಳ್ಳುವುದೂ ಅವರೇ ಮಾಡಬಹುದು. ಎರಡು ತರದ ಹನಿ ಇದ್ದರೆ ಒಂದಕ್ಕೆ ರಬ್ಬರ್‌ಬ್ಯಾಂಡ್. ಎರಡರ ನಡುವೆ ಐದು ನಿಮಿಷವಾದರೂ ಬಿಡಬೇಕು. ಹಾಕಿದ ಮೇಲೆ ಕಣ್ಣು ಮುಚ್ಚಿ, ಮೂಗಿನ ಕಡೆಯ ಮೂಲೆಯನ್ನು ಒಂದೆರಡು ನಿಮಿಷ ಮೆಲ್ಲಗೆ ಒತ್ತಿಕೊಳ್ಳಬೇಕು. ಫ್ರಿಜ್‌ನಲ್ಲಿ ಇಡಬಹುದಾ ಅಂತ ಡಾಕ್ಟರನ್ನು ಕೇಳಿ. ಇಡಬಹುದು ಅಂದರೆ, ತಣ್ಣಗೆ ತಾಗುವುದರಿಂದ ಹನಿ ಒಳಗೆ ಬಿತ್ತು ಅಂತ ತಿಳಿಯುತ್ತದೆ.

ದುಡ್ಡಿನ ವಿಷಯ. ಈಗಿನ ನೋಟುಗಳಲ್ಲಿ 100 ರೂಪಾಯಿಯದು 142 ಮಿಲಿಮೀಟರ್ ಉದ್ದ, 200ರದ್ದು 146, 500ರದ್ದು 150. ನಾಲ್ಕು ಮಿಲಿಮೀಟರ್ ವ್ಯತ್ಯಾಸವನ್ನು ಸಂತೆಯಲ್ಲಿ ನಿಂತು ಯಾರು ಅಳೆಯುತ್ತಾರೆ! ಉಬ್ಬಿದ ಗುರುತುಗಳಿವೆ, 100ಕ್ಕೆ ತ್ರಿಕೋನ, 500ಕ್ಕೆ ವೃತ್ತ, ಆದರೆ ನೋಟು ಹಳೆಯದಾದರೆ ಸವೆದುಹೋಗುತ್ತದೆ. ಅದಕ್ಕೇ ಮಡಚುವ ಪದ್ಧತಿ ಒಳ್ಳೆಯದು. ನೂರು ಹಾಗೇ ಇರಲಿ, ಇನ್ನೂರನ್ನು ಅಡ್ಡಕ್ಕೆ ಮಡಚಿ, ಐನೂರನ್ನು ಉದ್ದಕ್ಕೆ. ಮನೆಯಲ್ಲಿ ಕೂತು ಮಡಚಿಟ್ಟುಕೊಂಡು ಹೋಗಲಿ. ರಿಸರ್ವ್ ಬ್ಯಾಂಕ್ 2020ರಲ್ಲಿ ಮಣಿ ಅನ್ನೋ ಆ್ಯಪ್ ಬಿಟ್ಟಿದೆ, ಕ್ಯಾಮೆರಾ ಮುಂದೆ ನೋಟು ಹಿಡಿದರೆ ಎಷ್ಟರದ್ದು ಅಂತ ಹೇಳುತ್ತದೆ, ನೆಟ್ ಬೇಡ. 20 ರೂಪಾಯಿ ನಾಣ್ಯಕ್ಕೆ ಹನ್ನೆರಡು ಅಂಚು, ಅದು ಕೈಗೆ ಸುಲಭ. ಫೋನಿನ ಪರದೆ ಮೇಲಿರುವುದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಕನ್ನಡದಲ್ಲೂ ಮಾತಾಡುತ್ತದೆ. ಮೊಮ್ಮಕ್ಕಳು ಒಂದೇ ದಿನ ಎಲ್ಲ ಕಲಿಸಲು ಹೋಗಬಾರದು. ಕಾಲ್ ಎತ್ತುವುದು, ಮಾಡುವುದು, ಅಷ್ಟು ಬಂದ ಮೇಲೆ ಮುಂದಿನದು.

ಮಾತಾಡಿಸುವಾಗ "ನಾನ್ಯಾರು ಹೇಳಿ ನೋಡೋಣ?" ಅಂತ ಪರೀಕ್ಷೆ ಮಾಡಬೇಡಿ. ಬಂದಾಗ ಹೆಸರು ಹೇಳಿ, ಹೋಗುವಾಗ ಹೋಗ್ತಿದೀನಿ ಅನ್ನಿ. ಇಲ್ಲದಿದ್ದರೆ ಅವರು ಖಾಲಿ ಕುರ್ಚಿ ಜೊತೆ ಮಾತಾಡುತ್ತಾ ಕೂರುತ್ತಾರೆ. ನಡೆಸುವಾಗ ಹಿಂದಿನಿಂದ ತಳ್ಳಬೇಡಿ, ಕೈ ಹಿಡಿದು ಎಳೆಯಲೂ ಬೇಡಿ. ನಿಮ್ಮ ಮೊಣಕೈ ಮೇಲ್ಭಾಗವನ್ನು ಅವರು ಹಿಡಿಯಲಿ, ನೀವು ಅರ್ಧ ಹೆಜ್ಜೆ ಮುಂದೆ ನಡೆಯಿರಿ. ಕೂರಿಸುವಾಗ ಅವರ ಕೈಯನ್ನು ಕುರ್ಚಿಯ ಬೆನ್ನಿಗೆ ಮುಟ್ಟಿಸಿ, ಉಳಿದದ್ದು ಅವರಿಗೆ ಬಿಡಿ.

ಒಂದು ವಿಷಯ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ನೋಟ ಕಳೆದುಕೊಂಡ ಕೆಲವರಿಗೆ ಇಲ್ಲದ ಜನ, ಮಕ್ಕಳು, ಹೂವಿನ ಚಿತ್ತಾರ ಕಣ್ಣ ಮುಂದೆ ಬರುತ್ತದೆ. ಬುದ್ಧಿ ಸ್ವಾಧೀನದಲ್ಲೇ ಇರುತ್ತದೆ, ಅದು ನಿಜ ಅಲ್ಲ ಅಂತಲೂ ಗೊತ್ತಿರುತ್ತದೆ. ಸ್ವಿಟ್ಜರ್ಲೆಂಡಿನ ಚಾರ್ಲ್ಸ್ ಬಾನೆ ಅನ್ನುವವರು 1760ರಲ್ಲೇ ತಮ್ಮ ತಾತನಿಗೆ ಹೀಗಾದದ್ದನ್ನು ಬರೆದಿದ್ದಾರೆ, ಅವರ ಹೆಸರನ್ನೇ ಇದಕ್ಕೆ ಇಟ್ಟಿದ್ದಾರೆ. ದೆವ್ವ ಅಂತ ತಾಯತ ಕಟ್ಟಿಸಲು ಓಡಬೇಡಿ, ಅರಳುಮರುಳು ಅಂತಲೂ ನೀವೇ ತೀರ್ಮಾನ ಮಾಡಬೇಡಿ. ಕಣ್ಣಿನ ಡಾಕ್ಟರಿಗೆ ಹೇಳಿ.

ಕುರುಡರು ಏನು ಮಾಡಬಲ್ಲರು ಅಂದರೆ ನಾವೆಲ್ಲ ಗದಗದ ಪುಟ್ಟರಾಜ ಗವಾಯಿಗಳ ಹೆಸರು ಹೇಳುತ್ತೇವೆ. ದೊಡ್ಡವರು, ಕೈಮುಗಿಯಬೇಕು. ಆದರೆ ನಮ್ಮತ್ತೆಗೆ ಹಾರ್ಮೋನಿಯಂ ಬೇಕಿರಲಿಲ್ಲ, ಕಾಫಿ ಫಿಲ್ಟರ್ ಬೇಕಿತ್ತು. ಅಂಥ ಸಾಮಾನ್ಯ ಕೆಲಸಗಳನ್ನು ಹೇಳಿಕೊಡುವವರೂ ಇದ್ದಾರೆ. ಬೆಂಗಳೂರಿನ ಮಿತ್ರಜ್ಯೋತಿ ಸಂಸ್ಥೆಯನ್ನು 1990ರಲ್ಲಿ ಶುರು ಮಾಡಿದ ಮಧು ಸಿಂಘಾಲ್ ಅವರಿಗೇ ಕಣ್ಣು ಕಾಣುವುದಿಲ್ಲ. ಸ್ವಂತ ಕೆಲಸ ಮಾಡಿಕೊಳ್ಳುವುದು, ಕೋಲು ಹಿಡಿದು ಓಡಾಡುವುದು ಅಲ್ಲಿ ಕಲಿಸುತ್ತಾರೆ.

ಬಿಳಿ ಕೋಲು ಅಂದರೆ ನಮ್ಮ ಹಿರಿಯರಿಗೆ ನಾಚಿಕೆ, ನಾಲ್ಕು ಜನ ಏನಂತಾರೋ ಅಂತ. ಒತ್ತಾಯ ಬೇಡ. ಮಡಚುವ ಕೋಲು ತಂದು ಬ್ಯಾಗಿನಲ್ಲಿ ಇಟ್ಟಿರಿ. ನೆಟ್ಟಗೆ ನಿಲ್ಲಿಸಿದರೆ ಎದೆಮೂಳೆಯವರೆಗೆ ಬರುವಷ್ಟು ಉದ್ದ ಇರಬೇಕು, ಊರುಗೋಲಿನಷ್ಟು ಗಿಡ್ಡ ಆದರೆ ಪ್ರಯೋಜನವಿಲ್ಲ. ಬಲಗಾಲು ಮುಂದಿಡುವಾಗ ಕೋಲಿನ ತುದಿ ಎಡಕ್ಕೆ, ಎಡಗಾಲಿಗೆ ಬಲಕ್ಕೆ. ಮೊದಲು ಮನೆ ಅಂಗಳದಲ್ಲಿ, ಆಮೇಲೆ ಹಾಲಿನ ಬೂತಿನವರೆಗೆ. ನೀವು ಹತ್ತು ಹೆಜ್ಜೆ ಹಿಂದೆ ಬನ್ನಿ, ಬಾಯಿ ಮುಚ್ಚಿಕೊಂಡು.